ಗೇರ್ ಕಡ್ಡಿಗೂ ಚಕ್ಕುಬಂದಿ

ಈ ಪುಟ ಓದುವ ಅಜ್ಜಂದಿರಲ್ಲಿ ಜಾವಾ ಮೋಟಾರ್‌ಸೈಕಲ್ ಓಡಿಸಿದವರು ಖಂಡಿತ ಇದ್ದೀರಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಗಾಡಿ. 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಬಂತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಮಕ್ಕಳೇ, ಆ ಗಾಡಿಯ ಎಡಗಡೆ ಒಂದೇ ಒಂದು ಕಡ್ಡಿ ಇರುತ್ತಿತ್ತು. ಗೇರ್ ಹಾಕುವುದಕ್ಕೂ ಅದೇ, ಕಿಕ್ ಹೊಡೆಯುವುದಕ್ಕೂ ಅದೇ. ಕಡ್ಡಿಯನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುತ್ತಿತ್ತು. ಇಂಜಿನ್ ಹೊತ್ತಿಕೊಂಡ ಮೇಲೆ ಮೊದಲಿನ ಜಾಗಕ್ಕೆ ತಂದರೆ ಮತ್ತೆ ಗೇರ್ ಕಡ್ಡಿ. ಗೊತ್ತಿಲ್ಲದವರು ಕಿಕ್ಕರ್ ಎಲ್ಲಿದೆ ಎಂದು ಬಗ್ಗಿ ಬಗ್ಗಿ ಹುಡುಕುವುದನ್ನು ನೋಡಿ ನಾವು ನಗುತ್ತಿದ್ದೆವು.

ಇಂಥದ್ದೊಂದು ಕಡ್ಡಿಯನ್ನು ಯಾರೋ ಒಬ್ಬ ಹೊಸದಾಗಿ ಯೋಚಿಸಿ ಮಾಡಿದ ಅನ್ನಿ. 'ಇದು ನನ್ನದು, ನನ್ನ ಕೇಳದೆ ಯಾರೂ ಮಾಡಿ ಮಾರಬಾರದು' ಎನ್ನುವ ಹಕ್ಕು ಅವನಿಗೆ ಸಿಗಬೇಕೇ? ಸಿಕ್ಕರೆ ಎಷ್ಟು ವರ್ಷ? ಅದಕ್ಕಿಂತ ದೊಡ್ಡ ಪ್ರಶ್ನೆ, ಅದು ನಿಜಕ್ಕೂ ಹೊಸದು ಎಂದು ನೋಡಿ ಹೇಳುವವರು ಯಾರು? ಆ ಹಕ್ಕಿಗೆ ಪೇಟೆಂಟ್ ಎನ್ನುತ್ತಾರೆ. ನೋಡಿ ಹೇಳುವವರಿಗೆ ಪೇಟೆಂಟ್ ಪರೀಕ್ಷಕರು ಎನ್ನುತ್ತಾರೆ. ಈ ವಾರ ಅವರ ಕೆಲಸದ ಬಗ್ಗೆ ಬರೆಯಲು ಕಾರಣ ನಮ್ಮ ಕೆರೆಬಿಳಚಿಯ ಒಬ್ಬ ಮೆಕ್ಯಾನಿಕ್. ನನ್ನ ಮೊಮ್ಮಕ್ಕಳು ಅವನನ್ನು ಮಾಮ ಎಂದು ಕರೆಯುತ್ತಾರೆ, ನಾನೂ ಇಲ್ಲಿ ಹಾಗೇ ಬರೆಯುತ್ತೇನೆ.

ಮಾಮನ ಗಿರಾಕಿ ಒಬ್ಬ ಅಡಿಕೆ ಬೆಳೆಗಾರ. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಎಡಗಾಲು ಸಣ್ಣದಾಗಿದೆ, ಬೆರಳು ಎತ್ತಲು ಆಗುವುದಿಲ್ಲ. ಬೈಕಿನ ಗೇರ್ ಇರುವುದು ಎಡಗಾಲಿನ ಕಡೆ. ಮಾಮ ಒಂದು ಕಬ್ಬಿಣದ ಸರಳು ಬಗ್ಗಿಸಿ, ಟ್ಯಾಂಕಿನ ಬಲಗಡೆ ಕೈಗೆ ಸಿಗುವ ಹಾಗೆ ಒಂದು ಕಡ್ಡಿ ನಿಲ್ಲಿಸಿ, ಅದರಿಂದ ಗೇರ್ ಶಾಫ್ಟಿಗೆ ಜೋಡಿಸಿಕೊಟ್ಟ. ಎಡಗೈ ಕ್ಲಚ್ ಹಿಡಿಯುತ್ತದೆ, ಆಗ ಆಕ್ಸಿಲರೇಟರ್ ಹೇಗೂ ಬಿಡಬೇಕು, ಬಿಟ್ಟ ಬಲಗೈ ಕಡ್ಡಿಯನ್ನು ಎಳೆಯುತ್ತದೆ. ಬ್ರೇಕಿಗೆ ಬಲಗಾಲು ಇದ್ದೇ ಇದೆ. ಆ ಮನುಷ್ಯ ಈಗ ತೋಟಕ್ಕೆ ಯಾರ ಬೆನ್ನ ಹಿಂದೂ ಕೂರದೆ ಹೋಗಿ ಬರುತ್ತಾನೆ.

ಆದರೆ ಒಂದು ದಿನ ನಿಂತ ಗಾಡಿಯ ಮೇಲೆ ಮನೆಯ ಚಿಕ್ಕ ಹುಡುಗಿ ಹತ್ತಿ ಕೂತು ಆ ಕಡ್ಡಿಯನ್ನು ಹಿಂದೆ ಮುಂದೆ ಎಳೆದಾಡಿದಳು. ಗಾಡಿ ಗೇರಿಗೆ ಬಿತ್ತು. ಅವಳು ಇಳಿದು ಓಡಿದಳು. ಆಮೇಲೆ ಬಂದ ಯಜಮಾನ ನೋಡದೆ ಸೆಲ್ಫ್ ಒತ್ತಿದ, ಗಾಡಿ ಜಿಗಿದು ಜಗಲಿ ಕಟ್ಟೆಗೆ ಬಡಿಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಮಾಮ ಆ ರಾತ್ರಿ ನಿದ್ದೆ ಮಾಡಲಿಲ್ಲವಂತೆ. ವಾರ ಬಿಟ್ಟು ಹೊಸ ಕಡ್ಡಿ ತಂದ. ಇದು ಮಡಚುವ ಕಡ್ಡಿ. ಗಾಡಿ ನಿಲ್ಲಿಸಿದಾಗ ಟ್ಯಾಂಕಿನ ಪಕ್ಕಕ್ಕೆ ಮಡಚಿಡಬೇಕು. ಮಡಚಿದ ಕಡ್ಡಿ ಅಲುಗುವುದಿಲ್ಲ. ಮುಖ್ಯವಾದದ್ದು, ಗಾಡಿ ನ್ಯೂಟ್ರಲ್‌ನಲ್ಲಿ ಇದ್ದರೆ ಮಾತ್ರ ಅದು ಮಡಚುತ್ತದೆ. ಮೀಟರಿನಲ್ಲಿ ಹಸಿರು ದೀಪ ಹೊತ್ತುತ್ತದಲ್ಲ, ಅದೇ ತಂತಿಯಿಂದ ಕರೆಂಟ್ ತೆಗೆದು, ಹಳೆಯ ಕಾರಿನ ಸೆಂಟ್ರಲ್ ಲಾಕಿನ ಪುಟ್ಟ ಮೋಟಾರಿನಿಂದ ಒಂದು ಪಿನ್ನನ್ನು ಹಿಂದಕ್ಕೆ ಎಳೆಸುತ್ತಾನೆ. ದೀಪ ಇಲ್ಲ ಅಂದರೆ ಪಿನ್ ಸರಿಯುವುದಿಲ್ಲ, ಪಿನ್ ಸರಿಯದೆ ಕಡ್ಡಿ ಮಡಚುವುದಿಲ್ಲ.

ಗೇರ್ ಪೆಟ್ಟಿಗೆಯ ಒಳಗೆ ಏನಾಗುತ್ತದೆ ಎಂದು ಮಕ್ಕಳಿಗೆ ಒಂದೆರಡು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯದು. ಬೈಕಿನಲ್ಲಿ ಗೇರ್ ಗಾಲಿಗಳು ಯಾವಾಗಲೂ ಒಂದರ ಹಲ್ಲಿಗೆ ಒಂದು ಕಚ್ಚಿಕೊಂಡೇ ಇರುತ್ತವೆ. ನಾವು ಕಡ್ಡಿ ಒತ್ತಿದಾಗ ಒಳಗೆ ಒಂದು ಡ್ರಮ್ ಸ್ವಲ್ಪ ತಿರುಗುತ್ತದೆ. ಡ್ರಮ್ಮಿನ ಮೈಮೇಲೆ ಸೊಟ್ಟಸೊಟ್ಟ ಕಾಲುವೆಗಳು. ಆ ಕಾಲುವೆಯಲ್ಲಿ ಕಾಲಿಟ್ಟಿರುವ ಕವಲುಗೋಲು, ಮೆಕ್ಯಾನಿಕ್‌ಗಳ ಮಾತಿನಲ್ಲಿ ಫೋರ್ಕ್, ಪಕ್ಕಕ್ಕೆ ಸರಿದು ಒಂದು ಗಾಲಿಯನ್ನು ಪಕ್ಕದ ಗಾಲಿಗೆ ತಗುಲಿ ಹಾಕುತ್ತದೆ. 'ಟಕ್' ಎಂಬ ಸದ್ದು ಕೇಳುವುದು ಆಗಲೇ. ಒತ್ತಿ ಬಿಟ್ಟ ಕಡ್ಡಿ ತನ್ನ ಜಾಗಕ್ಕೆ ವಾಪಸು ಬರುತ್ತದೆ. ಹಾಗಾಗಿ ಬೈಕಿನ ಕಡ್ಡಿಯನ್ನು ನೋಡಿ ಗಾಡಿ ಯಾವ ಗೇರಿನಲ್ಲಿದೆ ಎಂದು ಹೇಳಲಾಗದು. ಮಾಮ ಹಸಿರು ದೀಪದ ತಂತಿಗೆ ಕೈ ಹಾಕಿದ್ದು ಇದಕ್ಕೇ.

ಇಷ್ಟಾದ ಮೇಲೆ ಯಾರೋ ಒಬ್ಬ ಮಧ್ಯವರ್ತಿ ಅವನಿಗೆ ಗಂಟುಬಿದ್ದ. "ಇಪ್ಪತ್ತೈದು ಸಾವಿರ ಕೊಡು, ಪೇಟೆಂಟ್ ಸರ್ಟಿಫಿಕೇಟ್ ಗ್ಯಾರಂಟಿ" ಎಂದ. ಮಾಮ ಕಾಗದ ಹಿಡಿದುಕೊಂಡು ನಮ್ಮ ಮನೆಗೆ ಬಂದ. "ಸಾರ್, ನೀವು ಬ್ಯಾಂಕಿನಲ್ಲಿ ಇದ್ದವರು, ಇದನ್ನೊಂದು ನೋಡಿ ಹೇಳ್ರಿ." ಬ್ಯಾಂಕಿನಲ್ಲಿ ನಾನು ನೋಡಿದ್ದು ಸಾಲದ ಕಾಗದ, ಪೇಟೆಂಟ್ ಕಾಗದ ಅಲ್ಲ. ಆದರೆ ಓದುತ್ತಾ ಹೋದಂತೆ ಎರಡೂ ಒಂದೇ ಮನೆಯ ಮಕ್ಕಳು ಎನ್ನಿಸಿತು.

ನೋಡಿ, ಒಬ್ಬ ರೈತ ಜಮೀನು ಅಡವಿಟ್ಟು ಸಾಲ ಕೇಳಲು ಬಂದರೆ ನಾವು ಎರಡು ವಿಷಯ ನೋಡುತ್ತಿದ್ದೆವು. ಮೊದಲನೆಯದು ಚಕ್ಕುಬಂದಿ. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಹಳ್ಳವೋ ದಾರಿಯೋ, ಎಲ್ಲಿಂದ ಎಲ್ಲಿವರೆಗೆ ಇವನದು. ಎರಡನೆಯದು ಋಣಭಾರ ಪತ್ರ, ಎಲ್ಲರ ಬಾಯಲ್ಲಿ ಇ.ಸಿ. ಈ ಜಮೀನಿನ ಮೇಲೆ ಮೊದಲೇ ಬೇರೆ ಯಾರ ಹಕ್ಕಾದರೂ ಇದೆಯೇ ಎನ್ನುವುದಕ್ಕೆ. ಪೇಟೆಂಟ್ ಅರ್ಜಿಯ ಕೊನೆಯಲ್ಲಿ ಬರುವ 'ಕ್ಲೇಮ್' ಎಂಬ ವಾಕ್ಯಗಳೇ ಚಕ್ಕುಬಂದಿ. ನನ್ನ ಯಂತ್ರದಲ್ಲಿ ಇದು, ಇದು, ಇದು ಈ ರೀತಿ ಸೇರಿದೆ, ಇಷ್ಟು ನನ್ನದು ಎಂದು ಮಾತಿನಲ್ಲೇ ಬೇಲಿ ಹಾಕುವುದು. ಆ ಬೇಲಿಯ ಒಳಗೆ ಮೊದಲೇ ಯಾರಾದರೂ ಮನೆ ಕಟ್ಟಿಕೊಂಡಿದ್ದಾರೆಯೇ ಎಂದು ಪರೀಕ್ಷಕರು ಹುಡುಕುತ್ತಾರೆ. ಹಳೆಯ ಪೇಟೆಂಟ್‌ಗಳು, ಪುಸ್ತಕಗಳು, ಪತ್ರಿಕೆಗಳು, ಮಾರುಕಟ್ಟೆಯ ವಸ್ತುಗಳು, ಎಲ್ಲ ದೇಶದವು.

ಈ ವ್ಯವಹಾರ ನಮ್ಮ ದೇಶಕ್ಕೆ ಹೊಸದಲ್ಲ. 1856ರಲ್ಲಿ ಮೊದಲ ಕಾನೂನು ಬಂತು. ಆ ವರ್ಷವೇ ಕಲ್ಕತ್ತೆಯ ಜಾರ್ಜ್ ಆಲ್ಫ್ರೆಡ್ ಡಿ ಪೆನ್ನಿಂಗ್ ಎಂಬ ಸಿವಿಲ್ ಇಂಜಿನಿಯರ್ ಮೊದಲ ಅರ್ಜಿ ಹಾಕಿದ. ಯಾವುದಕ್ಕೆ ಗೊತ್ತೇ? ಪಂಖ ಎಳೆಯುವ ಯಂತ್ರಕ್ಕೆ. ಸಾಹೇಬರ ತಲೆಯ ಮೇಲೆ ತೂಗುವ ಬಟ್ಟೆಯ ಬೀಸಣಿಗೆಯನ್ನು ಹಗಲಿಡೀ ಹಗ್ಗ ಹಿಡಿದು ಎಳೆಯಲು ಆಳು ಇರುತ್ತಿದ್ದ, ಆ ಕೆಲಸಕ್ಕೆ ಯಂತ್ರ. ಈಗ ನಡೆಯುತ್ತಿರುವುದು 1970ರ ಪೇಟೆಂಟ್ ಕಾಯಿದೆ. ಅರ್ಜಿ ಹಾಕಿದ ದಿನದಿಂದ 20 ವರ್ಷ ಹಕ್ಕು. ಆಮೇಲೆ ಅದು ಊರ ಕೆರೆಯ ನೀರಿದ್ದಂತೆ, ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಹಕ್ಕಿಗೆ ಬದಲಾಗಿ ಅರ್ಜಿದಾರ ತನ್ನ ಗುಟ್ಟನ್ನು ಪೂರ್ತಿ ಬರೆದು ಕೊಡಬೇಕು. ಬರೆದದ್ದು ಸಾಮಾನ್ಯವಾಗಿ 18 ತಿಂಗಳ ನಂತರ ಪ್ರಕಟವಾಗುತ್ತದೆ.

ಇಲ್ಲೇ ಬಹಳ ಜನ ಮೋಸ ಹೋಗುವುದು. ಪ್ರಕಟವಾಯಿತೆಂದರೆ ಪೇಟೆಂಟ್ ಸಿಕ್ಕಿತೆಂದಲ್ಲ. ಅರ್ಜಿ ನಂಬರ್ ಬಂದರೂ ಸಿಕ್ಕಿತೆಂದಲ್ಲ. ಸಾಲದ ಅರ್ಜಿಗೆ ಸೀಲು ಹೊಡೆದುಕೊಟ್ಟರೆ ಸಾಲ ಮಂಜೂರಾದಂತೆಯೇ? ಪರೀಕ್ಷೆ ಮಾಡಿ ಎಂದು ಬೇರೆಯೇ ಕೋರಿಕೆ ಸಲ್ಲಿಸಬೇಕು, ಈಗಿನ ನಿಯಮದಂತೆ 31 ತಿಂಗಳ ಒಳಗೆ. ಆಮೇಲೆ ಪರೀಕ್ಷಕರು ಮೊದಲ ಪರೀಕ್ಷಾ ವರದಿ ಕಳಿಸುತ್ತಾರೆ. ಅದರಲ್ಲಿ ಆಕ್ಷೇಪಣೆಗಳೇ ತುಂಬಿರುತ್ತವೆ. ಉತ್ತರ ಕೊಡಲು 6 ತಿಂಗಳು, ಕೇಳಿಕೊಂಡರೆ ಇನ್ನೂ 3. ಹಾಗಾಗಿ 'ಗ್ಯಾರಂಟಿ' ಎಂದು ಯಾರೂ ಹೇಳಲಾರರು. ಮಧ್ಯವರ್ತಿ ಹೇಳಿದನೆಂದರೆ ಅವನು ಮಾರುತ್ತಿರುವುದು ಬರೀ ಸ್ವೀಕೃತಿ ಚೀಟಿ.

"ಹಾಗಾದರೆ ನಾವೇ ಪರೀಕ್ಷೆ ಮಾಡೋಣ" ಎಂದಳು ಎಂಟನೇ ತರಗತಿಯ ಮೊಮ್ಮಗಳು. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುವ ಅವಳ ಅಣ್ಣನೂ ಬಂದಿದ್ದ. ಜಗಲಿಯಲ್ಲಿ ಅವರಿಬ್ಬರೂ ಪರೀಕ್ಷಕರು, ಮಾಮ ಅರ್ಜಿದಾರ, ನಾನು ಗುಮಾಸ್ತ. ನಮ್ಮ ಮನೆಯವರು ಮಂಡಕ್ಕಿ ಮೆಣಸಿನಕಾಯಿ ತಂದಿಟ್ಟರು.

ಮಾಮ ಮೊದಲ ಚಕ್ಕುಬಂದಿ ಹೇಳಿದ: "ಬೈಕಿಗೆ ಕೈಯಲ್ಲಿ ಗೇರ್ ಹಾಕುವ ಕಡ್ಡಿ."

"ಅಜ್ಜಾ, ನಿನ್ನ ಹಳೆ ಫೋಟೊದಲ್ಲಿ ಇರೋ ಬಜಾಜ್ ಚೇತಕ್ ಸ್ಕೂಟರಿಗೆ ಗೇರ್ ಎಲ್ಲಿತ್ತು?" ಎಂದಳು ಮೊಮ್ಮಗಳು.

ಕೈಯಲ್ಲೇ ಇತ್ತು. ಎಡಗೈ ಹಿಡಿಕೆಯನ್ನು ಕ್ಲಚ್ ಸಮೇತ ತಿರುಗಿಸಿದರೆ ಗೇರ್. ಅದಕ್ಕೂ ಮೊದಲಿನ ಕಾಲದ ಮೋಟಾರ್‌ಸೈಕಲ್‌ಗಳಲ್ಲಿ ಟ್ಯಾಂಕಿನ ಪಕ್ಕದಲ್ಲೇ ಕೈಗಡ್ಡಿ ಇರುತ್ತಿತ್ತು. ಅಲ್ಲಿಗೆ ಮೊದಲ ಬೇಲಿ ಬಿತ್ತು. ಕಾನೂನು ಕೇಳುವ ಮೊದಲ ಪ್ರಶ್ನೆ ಇದೇ, ಹೊಸದೇ? ಪ್ರಪಂಚದ ಎಲ್ಲಾದರೂ ಮೊದಲೇ ಪ್ರಕಟವಾಗಿದ್ದರೆ ಹೊಸದಲ್ಲ.

ಮಾಮ ಬೇಲಿಯನ್ನು ಒಳಕ್ಕೆ ಸರಿಸಿದ: "ಮಡಚುವ ಕೈಗಡ್ಡಿ."

ಈಗ ನಾನು ಬಾಯಿ ಹಾಕಿದೆ. ಜಾವಾದ ಕಡ್ಡಿಯನ್ನೂ ಅದರ ಜಾಗದಿಂದ ಸರಿಸಿ ಬೇರೆ ಜಾಗಕ್ಕೆ ತಿರುಗಿಸಬಹುದಿತ್ತಲ್ಲ, ತಿರುಗಿಸಿದಾಗ ಅದು ಗೇರ್ ಕಡ್ಡಿಯಾಗಿ ಇರುತ್ತಲೇ ಇರಲಿಲ್ಲವಲ್ಲ ಎಂದೆ. ಗುಮಾಸ್ತ ಮಾತಾಡಬಾರದು ಎಂದು ಮೊಮ್ಮಗಳು ಗದರಿದಳು, ಆದರೆ ಬರೆದುಕೊಂಡಳು.

ಮಾಮ ಮತ್ತೆ ಒಳಕ್ಕೆ ಸರಿದ: "ನ್ಯೂಟ್ರಲ್‌ನಲ್ಲಿ ಇದ್ದರೆ ಮಾತ್ರ ಮಡಚುವ, ಕರೆಂಟಿನ ಪಿನ್ ಇರುವ ಕೈಗಡ್ಡಿ."

ಈಗ ಇಂಜಿನಿಯರಿಂಗ್ ಹುಡುಗನ ಸರದಿ. "ಮಾಮ, ಆಟೊಮ್ಯಾಟಿಕ್ ಗೇರಿನ ಕಾರಿನಲ್ಲಿ ಬ್ರೇಕ್ ಒತ್ತದೆ ಕಡ್ಡಿ ಪಾರ್ಕಿಂಗ್ ಜಾಗ ಬಿಟ್ಟು ಅಲುಗುವುದಿಲ್ಲ. ಅಲ್ಲೂ ಕರೆಂಟಿನ ಪಿನ್ನೇ ಹಿಡಿದಿರುತ್ತದೆ. ನೀವು ಚೇತಕ್ಕಿನ ಕೈ, ಜಾವಾದ ಸರಿಯುವ ಕಡ್ಡಿ, ಕಾರಿನ ಪಿನ್ ಮೂರನ್ನೂ ಒಟ್ಟಿಗೆ ಇಟ್ಟಿದ್ದೀರಿ ಅಷ್ಟೆ."

ಮಾಮನ ಮುಖ ಸಣ್ಣದಾಯಿತು. ನನಗೂ ಕಸಿವಿಸಿ. ಆದರೆ ಪರೀಕ್ಷಕರು ಕೇಳುವ ಎರಡನೆಯ ಪ್ರಶ್ನೆ ಇದೇ, ಮತ್ತು ಇದೇ ಕಠಿಣವಾದದ್ದು. ಹೊಸದಾಗಿದ್ದರೆ ಸಾಲದು, ಆ ಕಸುಬು ಬಲ್ಲವನಿಗೆ ಸುಲಭವಾಗಿ ಹೊಳೆಯುವಂಥದ್ದೂ ಆಗಿರಬಾರದು. ಕಾಯಿದೆಯ ಮೂರನೇ ಸೆಕ್ಷನ್ನಿನಲ್ಲಿ ಇನ್ನೊಂದು ಮಾತೂ ಇದೆ: ಗೊತ್ತಿರುವ ಸಾಧನಗಳನ್ನು ಪಕ್ಕಪಕ್ಕದಲ್ಲಿ ಜೋಡಿಸಿಟ್ಟು, ಪ್ರತಿಯೊಂದೂ ತನ್ನ ಪಾಡಿಗೆ ಹಳೆಯ ಕೆಲಸವನ್ನೇ ಮಾಡುತ್ತಿದ್ದರೆ ಅದು ಆವಿಷ್ಕಾರವಲ್ಲ. ಕೊಡೆಯ ಹಿಡಿಕೆಗೆ ಟಾರ್ಚ್ ಕಟ್ಟಿದರೆ ಕೊಡೆ ಕೊಡೆಯೇ, ಟಾರ್ಚ್ ಟಾರ್ಚೇ.

ಇದಕ್ಕೆ ನಮ್ಮ ಸುಪ್ರೀಂ ಕೋರ್ಟಿನ ಒಂದು ತೀರ್ಪು ಇದೆ, ಅಡುಗೆಮನೆಯ ಪಾತ್ರೆಗೆ ಸಂಬಂಧಿಸಿದ್ದು, ಅಜ್ಜಿಯಂದಿರೂ ಕೇಳಬೇಕು. ಉತ್ತರ ಪ್ರದೇಶದ ಮಿರ್ಜಾಪುರದಲ್ಲಿ ಹಿತ್ತಾಳೆ ಪಾತ್ರೆಗಳನ್ನು ಲೇತ್ ಯಂತ್ರಕ್ಕೆ ಕೊಟ್ಟು ತಿರುಗಿಸಿ ಹೊಳಪು ಕೊಡುತ್ತಾರೆ. ತಿರುಗುವಾಗ ಪಾತ್ರೆ ಹಿಡಿತ ತಪ್ಪಿ ಹಾರಿದರೆ ಕೆಲಸಗಾರನಿಗೆ ಪೆಟ್ಟು. ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್ ಎಂಬ ಸಂಸ್ಥೆ ಪಾತ್ರೆಯನ್ನು ಭದ್ರವಾಗಿ ಒತ್ತಿ ಹಿಡಿಯುವ ಏರ್ಪಾಟಿಗೆ 1951ರ ತಾರೀಕಿನ ಪೇಟೆಂಟ್ ಪಡೆದಿತ್ತು. ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಮ್ ಎಂಬ ಇನ್ನೊಂದು ಸಂಸ್ಥೆ ಅದೇ ವಿಧಾನ ಬಳಸುತ್ತಿದೆ ಎಂದು ದಾವೆ ಹೂಡಿತು. ಅಲಹಾಬಾದ್ ಹೈಕೋರ್ಟಿನ ಒಬ್ಬ ನ್ಯಾಯಮೂರ್ತಿಗಳು ಪೇಟೆಂಟ್ ರದ್ದು ಎಂದರು, ಮೇಲ್ಮನವಿಯಲ್ಲಿ ಇಬ್ಬರು ಸರಿ ಎಂದರು, 1978ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ರದ್ದು ಎಂದಿತು. ಒತ್ತಿ ಹಿಡಿಯುವ ಬಗೆ ಮೊದಲೇ ಗೊತ್ತಿದ್ದದ್ದು, ಇವರು ಮಾಡಿದ್ದು ಕಾರ್ಖಾನೆಯ ಕೆಲಸದ ನಡುವೆ ಯಾವ ಜಾಣ ಕೆಲಸಗಾರನೂ ಮಾಡಿಕೊಳ್ಳುವ ಸಣ್ಣ ಸುಧಾರಣೆ, ಅದಕ್ಕಿಂತ ಮೇಲಿನದಲ್ಲ ಎಂಬುದು ಅದರ ಅಭಿಪ್ರಾಯ. ಪೇಟೆಂಟ್ ಕೈಯಲ್ಲಿ ಇದ್ದರೂ ಅದು ಕೋರ್ಟಿನಲ್ಲಿ ಉಳಿಯುತ್ತದೆ ಎಂಬ ಭರವಸೆ ಇಲ್ಲ ಎನ್ನುವುದೂ ಇದರಿಂದ ಗೊತ್ತಾಗುತ್ತದೆ.

ನನಗೆ ಈ ತೀರ್ಪು ಸರಿ ಎನ್ನಿಸುತ್ತದೆ. ಗ್ಯಾರೇಜಿನಲ್ಲಿ ಕೂತು ದಿನಕ್ಕೊಂದು ಜಾಣತನ ಮಾಡುವ ಸಾವಿರಾರು ಕೈಗಳಿವೆ. ಪ್ರತಿಯೊಂದಕ್ಕೂ ಯಾರೋ ಒಬ್ಬ ಬೇಲಿ ಹಾಕಿಕೊಂಡರೆ ಉಳಿದವರು ಸ್ಪ್ಯಾನರ್ ಹಿಡಿಯಲೂ ಅಪ್ಪಣೆ ಕೇಳಬೇಕಾಗುತ್ತದೆ.

ಮಾಮ ಒಂದು ಮಂಡಕ್ಕಿ ಬುಟ್ಟಿ ಖಾಲಿಯಾಗುವವರೆಗೆ ಸುಮ್ಮನಿದ್ದ. ಆಮೇಲೆ ಹೇಳಿದ: "ಸಾರ್, ಕಾರಿನ ಪಿನ್ ಕಡ್ಡಿಯನ್ನು ಹಿಡಿಯುತ್ತದೆ, ಬಿಡುತ್ತದೆ. ಅಷ್ಟೇ. ನನ್ನದರಲ್ಲಿ ಮಡಚಿದ್ದೇ ಗುರುತು. ಬಿಸಿಲಿನಲ್ಲಿ ಹಸಿರು ದೀಪ ಕಾಣುವುದಿಲ್ಲ. ಕೈ ಹಾಕಿದಾಗ ಕಡ್ಡಿ ಮಡಚಿದೆ ಅಂದರೆ ನ್ಯೂಟ್ರಲ್ ಅಂತ ಕತ್ತಲಲ್ಲೂ ಗೊತ್ತು. ತಂತಿ ಕಡಿದುಹೋದರೆ ಪಿನ್ ಸರಿಯೋದೇ ಇಲ್ಲ, ಕಡ್ಡಿ ಮಡಚೋದೇ ಇಲ್ಲ, ಸುಳ್ಳು ಗುರುತು ತೋರಿಸಲ್ಲ. ಮಡಚಿದ ಮೇಲೆ ಮಗು ಎಳೆದರೂ ಗೇರ್ ಬೀಳಲ್ಲ. ಮೂರೂ ಸೇರಿದ್ದಕ್ಕೆ ಈ ಕೆಲಸ, ಒಂದು ತೆಗೆದರೂ ಇಲ್ಲ."

ಹುಡುಗ ಪೆನ್ನು ಕೆಳಗಿಟ್ಟ. ಕೊಡೆ ಮತ್ತು ಟಾರ್ಚಿನ ಮಾತು ಇಲ್ಲಿಗೆ ಹೊಂದುವುದಿಲ್ಲ ಎಂದು ಒಪ್ಪಿದ. ಇದು ಪೇಟೆಂಟಿಗೆ ಸಾಕೇ? ನಿಜವಾದ ಪರೀಕ್ಷಕರು ನಮಗಿಂತ ಬಹಳ ಆಳವಾಗಿ ಹುಡುಕುತ್ತಾರೆ, ಜಪಾನಿನದೋ ಜರ್ಮನಿಯದೋ ಹಳೆಯ ಕಾಗದ ಒಂದು ಎದ್ದು ಬರಬಹುದು. ಆದರೆ ಸಂಜೆ ಐದಕ್ಕೆ 'ಕೈಗಡ್ಡಿ ನನ್ನದು' ಎನ್ನುತ್ತಿದ್ದ ಮನುಷ್ಯ ಏಳಕ್ಕೆ ತನ್ನದು ಯಾವುದು, ಅದರಲ್ಲಿ ಎಷ್ಟು ಎಂದು ಅಳೆದು ಹೇಳಿದ್ದ. ಪರೀಕ್ಷೆ ಎಂದರೆ ಫೇಲ್ ಮಾಡುವುದು ಎಂದುಕೊಂಡ ಮಕ್ಕಳು ಇದನ್ನು ಗಮನಿಸಬಹುದು.

ಬೇಲಿ ಚಿಕ್ಕದಾದರೆ ಬೆಲೆ ಕಡಿಮೆ ಅಲ್ಲವೇ ಎಂದು ಮೊಮ್ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ಚಿಕ್ಕ ಬೇಲಿಯನ್ನು ಸುತ್ತಿಕೊಂಡು ಹೋಗುವವರು ಇರುತ್ತಾರೆ. ಸ್ಕಾಟ್ಲೆಂಡಿನ ಜೇಮ್ಸ್ ವ್ಯಾಟ್ ಹಾಗೆ ಮಾಡಿದ್ದ. ಹಬೆ ಯಂತ್ರದ ಮೇಲೆ ಕೆಳಗೆ ಆಡುವ ಚಲನೆಯನ್ನು ಗಾಲಿ ತಿರುಗುವ ಚಲನೆಯಾಗಿ ಮಾಡಲು ಸುಲಭದ ದಾರಿ ಕ್ರ್ಯಾಂಕ್, ಬಾವಿಯ ರಾಟೆ ತಿರುಗಿಸುವ ಬಾಗಿದ ಹಿಡಿಯ ಹಾಗೆ. ಆದರೆ ಹಬೆ ಯಂತ್ರದಲ್ಲಿ ಅದನ್ನು ಬಳಸಲು 1780ರಲ್ಲಿ ಜೇಮ್ಸ್ ಪಿಕಾರ್ಡ್ ಪೇಟೆಂಟ್ ಪಡೆದಿದ್ದ. ವ್ಯಾಟ್ 1781ರಲ್ಲಿ ಒಂದು ಹಲ್ಲುಗಾಲಿಯ ಸುತ್ತ ಇನ್ನೊಂದು ಹಲ್ಲುಗಾಲಿ ಸುತ್ತುವ ಸೂರ್ಯ-ಗ್ರಹ ಗೇರನ್ನು ತನ್ನ ಹೆಸರಿಗೆ ಪೇಟೆಂಟ್ ಮಾಡಿಕೊಂಡ. ಬೇರೆಯವನ ಬೇಲಿ ದಾಟದೆ ಅದೇ ಕೆಲಸ ಮಾಡಿಸಿದ.

ನಮ್ಮಲ್ಲೂ ಬೇಲಿಯ ಅಳತೆಗೆ ದೊಡ್ಡ ಜಗಳ ಆಗಿದೆ. ಪುಣೆಯ ಬಜಾಜ್ ಕಂಪನಿಗೆ ಒಂದು ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್ ಇರುವ ಇಂಜಿನ್ನಿನ ಪೇಟೆಂಟ್ ಇತ್ತು. 2007ರ ಡಿಸೆಂಬರಿನಲ್ಲಿ ಟಿ.ವಿ.ಎಸ್. ಕಂಪನಿ, ನಮ್ಮ ಗಡಿಯಾಚೆಯ ಹೊಸೂರಿನಲ್ಲಿ ಕಾರ್ಖಾನೆ ಇರುವವರು, ಫ್ಲೇಮ್ ಎಂಬ ಬೈಕು ತಂದಿತು. ಅದಕ್ಕೂ ಎರಡು ಪ್ಲಗ್, ಆದರೆ ವಾಲ್ವ್ ಮೂರು. ಮದ್ರಾಸ್ ಹೈಕೋರ್ಟ್ 2008ರ ಫೆಬ್ರವರಿಯಲ್ಲಿ ತಡೆ ಕೊಟ್ಟಿತು, 2009ರ ಮೇ ತಿಂಗಳಲ್ಲಿ ಅಲ್ಲಿಯ ವಿಭಾಗೀಯ ಪೀಠ ತಡೆ ತೆಗೆಯಿತು. ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್, ಮಾರಾಟ ನಡೆಯಲಿ, ಲೆಕ್ಕ ಸರಿಯಾಗಿ ಇಡಿ, ಇಂಥ ದಾವೆಗಳನ್ನು ಬೇಗ ಮುಗಿಸಿ ಎಂದಿತು. ಲೆಕ್ಕ ಇಡಿ ಎಂದದ್ದು ಬಿ.ಕಾಂ. ಓದಿದ ನನಗೆ ಬಹಳ ಇಷ್ಟವಾಯಿತು.

ಈಗ ಮಾಮನ ಲೆಕ್ಕ. ಒಬ್ಬ ಸಾಮಾನ್ಯ ವ್ಯಕ್ತಿ ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ಶುಲ್ಕ 1600 ರೂಪಾಯಿ, ಪರೀಕ್ಷೆಯ ಕೋರಿಕೆಗೆ 4000. ಕರ್ನಾಟಕದವರ ಅರ್ಜಿ ಸೇರುವುದು ಚೆನ್ನೈ ಪೇಟೆಂಟ್ ಕಚೇರಿಗೆ. ಎಲ್ಲವೂ ಸಿದ್ಧವಿಲ್ಲದಿದ್ದರೆ ಮೊದಲು ತಾತ್ಕಾಲಿಕ ವಿವರಣೆ ಸಲ್ಲಿಸಿ ತಾರೀಕು ಹಿಡಿದು, 12 ತಿಂಗಳ ಒಳಗೆ ಪೂರ್ಣ ವಿವರಣೆ ಕೊಡಬಹುದು. ಕ್ಲೇಮ್ ಬರೆಯುವುದಕ್ಕೆ ಕಸುಬು ಬಲ್ಲ ನೋಂದಾಯಿತ ಪೇಟೆಂಟ್ ಏಜೆಂಟರ ಸಹಾಯ ಬೇಕು, ಅವರ ಸಂಭಾವನೆ ಬೇರೆ. ಪೇಟೆಂಟ್ ಸಿಕ್ಕ ಮೇಲೆ ಅದನ್ನು ಉಳಿಸಿಕೊಳ್ಳಲು ವರ್ಷವರ್ಷ ಶುಲ್ಕವೂ ಉಂಟು. ಪೇಟೆಂಟ್ ಬಂದರೂ ರಸ್ತೆಯಲ್ಲಿ ಓಡಿಸಲು ಆರ್.ಟಿ.ಒ. ಒಪ್ಪಿಗೆ ಪ್ರತ್ಯೇಕವಾಗಿ ಬೇಕು, ಅದನ್ನು ಮಾಡಿಸಿಕೊಳ್ಳಲು ಆ ಬೆಳೆಗಾರನಿಗೆ ನಾನು ಮೊದಲೇ ಹೇಳಿದ್ದೇನೆ.

ಇಷ್ಟರಲ್ಲಿ ಮೊಮ್ಮಗ ಕಡ್ಡಿಯ ವಿಡಿಯೊ ಮಾಡಿಬಿಟ್ಟಿದ್ದ. ಮಡಚುವುದು, ಪಿನ್ ಸರಿಯುವುದು, ಎಲ್ಲ ಸ್ಪಷ್ಟ. ಯೂಟ್ಯೂಬಿಗೆ ಹಾಕಲು ಬೆರಳು ಎತ್ತಿದ್ದ. ತಡೆದೆ. ಅರ್ಜಿ ಹಾಕುವ ಮೊದಲೇ ಹಾಗೆ ಲೋಕಕ್ಕೆ ತೋರಿಸಿದರೆ ಮಾಮನ ವಿಡಿಯೊವೇ ಮಾಮನ ಅರ್ಜಿಗೆ ಅಡ್ಡ ಬರುತ್ತದೆ, 'ಇದು ಮೊದಲೇ ಪ್ರಕಟವಾಗಿದೆ' ಎಂದು ಪರೀಕ್ಷಕರು ಅದನ್ನೇ ಎತ್ತಿ ತೋರಿಸಬಹುದು. ಆದರೆ ಇದಕ್ಕೆ ಇನ್ನೊಂದು ಮುಖವೂ ಇದೆ. ಪ್ರಕಟ ಮಾಡಿಬಿಟ್ಟರೆ ಮುಂದೆ ಬೇರೆ ಯಾರೂ ಅದನ್ನೇ ಹೊಸದೆಂದು ತಮ್ಮ ಹೆಸರಿಗೆ ಮಾಡಿಕೊಳ್ಳಲಾರರು. ಎಡಗಾಲು ಸರಿಯಿಲ್ಲದ ಯಾವ ಊರಿನವನಾದರೂ ತನ್ನೂರಿನ ಗ್ಯಾರೇಜಿನಲ್ಲಿ ಮಾಡಿಸಿಕೊಳ್ಳಬಹುದು.

ಎರಡನ್ನೂ ಬಿಡಿಸಿ ಹೇಳಿದೆ. ಮಾಮ ಬಹಳ ಹೊತ್ತು ಕಡ್ಡಿಯನ್ನು ಮಡಚುತ್ತಾ ಬಿಡಿಸುತ್ತಾ ಕೂತಿದ್ದ. ಮಗಳ ಕಾಲೇಜು ಫೀಸಿನ ಮಾತು ಒಮ್ಮೆ ಬಂತು. ಚನ್ನಗಿರಿಯಿಂದ ಇನ್ನೊಬ್ಬ ಪೋಲಿಯೊ ಆದ ಹುಡುಗ ಫೋನ್ ಮಾಡಿದ್ದ ಎನ್ನುವ ಮಾತೂ ಬಂತು. ಕೊನೆಗೆ, "ಅಡಿಕೆ ಕೊಯ್ಲು ಮುಗಿಯಲಿ ಸಾರ್, ಆಮೇಲೆ ಹೇಳ್ತೀನಿ. ಅಲ್ಲಿತನಕ ಆ ಹುಡುಗನಿಗೆ ಒಂದು ಮಾಡಿಕೊಡಬಹುದಾ?" ಎಂದ.

ಮೊದಲು ತಾತ್ಕಾಲಿಕ ಅರ್ಜಿ ಹಾಕಿ ತಾರೀಕು ಹಿಡಿಯಲಿ, ಆಮೇಲೆ ಎಷ್ಟು ಬೇಕಾದರೂ ಮಾಡಿಕೊಡಲಿ, ಮನಸ್ಸು ಬದಲಾದರೆ ವಿಡಿಯೊ ಯಾವಾಗ ಬೇಕಾದರೂ ಹಾಕಬಹುದು ಎಂಬುದು ನನ್ನ ಸಲಹೆ. 1600 ರೂಪಾಯಿಯ ಚೀಟಿಯನ್ನು ಮಾಮ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದಾನೆ. ವಿಡಿಯೊ ಮೊಮ್ಮಗನ ಫೋನಿನಲ್ಲಿದೆ. ಪಾಸ್‌ವರ್ಡ್ ಹಾಕಿಸಿದ್ದು ಅವನ ತಂಗಿ.